ಹೋತೋ ಕುರಿಯೋ, ಜವಾರಿಯೋ ಲೇಯರೋ: ದುಡ್ಡು ಕೊಟ್ಟ ಮಾಂಸವೇ ಮನೆಗೆ ಬರಬೇಕಾದರೆ

ಭಾನುವಾರ ಬೆಳಿಗ್ಗೆ ಹುಬ್ಬಳ್ಳಿಯ ಯಾವ ಮಟನ್ ಅಂಗಡಿ ಮುಂದೆ ನಿಂತರೂ ಒಂದು ಪ್ರಶ್ನೆ ಪದೇ ಪದೇ ಕಿವಿಗೆ ಬೀಳುತ್ತದೆ. ‘ಹೋತಿಂದ ಐತೇನ್ರಿ?’ ಉತ್ತರ ಎಲ್ಲರಿಗೂ ಒಂದೇ. ‘ಹೋತಿಂದರೀ, ಬೆಳಿಗ್ಗೆನ ಕಡದೇವಿ.’ ಅಷ್ಟರಲ್ಲಿ ಕತ್ತಿ ಆಡಿರುತ್ತದೆ. ತುಂಡುಗಳು ಚೀಲಕ್ಕೆ ಬಿದ್ದಿರುತ್ತವೆ. ದುಡ್ಡು ಕೊಟ್ಟು ಗಾಡಿ ಹತ್ತಿರುತ್ತೇವೆ. ಪ್ರಶ್ನೆಗೆ ಉತ್ತರವೇನೋ ಸಿಕ್ಕಿತು, ಖಾತ್ರಿ ಸಿಗಲಿಲ್ಲ.

ಬಹಳಷ್ಟು ಅಂಗಡಿಯವರು ನಿಜವನ್ನೇ ಹೇಳುತ್ತಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಜ ಹೇಳುವವನಿಗೂ ಸುಳ್ಳು ಹೇಳುವವನಿಗೂ ನಾವು ಒಂದೇ ಥರ ತಲೆಯಾಡಿಸಿ ಬಂದರೆ, ನಷ್ಟ ಆಗುವುದು ನಮಗೂ ಆ ನಿಜ ಹೇಳುವವನಿಗೂ. ಒಳ್ಳೆಯ ಮರಿ ತಂದು, ದುಬಾರಿ ಬೆಲೆ ಕೊಟ್ಟು, ನೇರವಾಗಿ ಮಾರುವವನು ಪಕ್ಕದ ಅಂಗಡಿಯ ಅಗ್ಗದ ಬೋರ್ಡಿನ ಮುಂದೆ ಎಷ್ಟು ದಿನ ತಡೆದಾನು?

ನಾನು ಹೇಳಬೇಕಾದ್ದು ಒಂದೇ ಮಾತು. ಮಾಂಸದ ಗುರುತು ಸಿಗುವ ಹೊತ್ತಿನಲ್ಲೇ ನೋಡಿಕೊಳ್ಳಬೇಕು. ಇಡೀ ದೇಹ ಕೊಕ್ಕೆಗೆ ತೂಗಿದ್ದಾಗ ಗುರುತು ಬೇಕಾದಷ್ಟು ಇರುತ್ತವೆ. ತುಂಡಾದ ಮೇಲೆ ನಾಲ್ಕಾರು ಉಳಿಯುತ್ತವೆ. ಖೀಮಾ ಆದ ಮೇಲೆ ಒಂದೂ ಇಲ್ಲ. ಮಸಾಲೆ ಬಿದ್ದ ಮೇಲಂತೂ ಬರೀ ನಂಬಿಕೆ. ಕೆಳಗಿನ ಹೆಜ್ಜೆಗಳೆಲ್ಲ ಇದರ ಸುತ್ತಲೇ ಇವೆ.

ಮೊದಲು, ಮೋಸ ಎಲ್ಲಿ ಆಗುತ್ತದೆ ಅಂತ ತಿಳಿದುಕೊಳ್ಳಿ

ಮಾಂಸದ ಮೋಸ ಅಂದ ಕೂಡಲೇ ಜನರ ತಲೆಗೆ ನಾಯಿ, ಬೆಕ್ಕು ಬರುತ್ತವೆ. ವಾಟ್ಸಾಪಿನಲ್ಲಿ ಓಡಾಡುವುದೂ ಅದೇ. ದಿನನಿತ್ಯ ನಮ್ಮ ಜೇಬು ಕತ್ತರಿಸುವ ಮೋಸ ಅಷ್ಟು ಭಯಂಕರವಾಗಿ ಕಾಣುವುದಿಲ್ಲ. ಮುದಿ ಕುರಿಯನ್ನು ಮರಿ ಖಂಡ ಅಂತ ಕೊಡುವುದು. ಹೋತಿನ ಬೆಲೆಗೆ ಕುರಿ ಕೊಡುವುದು. ಮೊಟ್ಟೆ ನಿಂತ ಲೇಯರ್ ಕೋಳಿಯನ್ನು ಜವಾರಿ ಅನ್ನುವುದು. ನಿನ್ನೆ ಫ್ರೀಜರಿನಲ್ಲಿ ಇಟ್ಟದ್ದನ್ನು ಇವತ್ತು ಬೆಳಿಗ್ಗೆಯದು ಅನ್ನುವುದು. ಖೀಮಾದಲ್ಲಿ ಅಗ್ಗದ ಮಾಂಸ, ಕೊಬ್ಬು, ಪರೆ ಸೇರಿಸುವುದು.

ಇದು ನಮ್ಮಲ್ಲಿ ಮಾತ್ರ ಅಂತಲ್ಲ. 2013ರ ಜನವರಿಯಲ್ಲಿ ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರ ಸೂಪರ್‌ಮಾರ್ಕೆಟ್‌ಗಳ ದನದ ಮಾಂಸದ ಬರ್ಗರ್‌ಗಳನ್ನು ಪರೀಕ್ಷೆ ಮಾಡಿಸಿತು. ಕೆಲವುಗಳಲ್ಲಿ ಕುದುರೆಯ ಡಿಎನ್‌ಎ ಸಿಕ್ಕಿತು. ಒಂದು ಬರ್ಗರ್‌ನಲ್ಲಂತೂ ಇದ್ದ ಮಾಂಸದ ಶೇ 29ರಷ್ಟು ಕುದುರೆಯದೇ. ಆಮೇಲೆ ಹುಡುಕುತ್ತಾ ಹೋದಾಗ, ರೊಮೇನಿಯಾದಲ್ಲಿ ಕಡಿದ ಕುದುರೆ ಮಾಂಸ ದಲ್ಲಾಳಿಗಳ ಕೈ ದಾಟಿ, ಕಾಗದದ ಮೇಲೆ ದನದ ಮಾಂಸವಾಗಿ, ಲಕ್ಸೆಂಬರ್ಗಿನ ಕಾರ್ಖಾನೆಯಲ್ಲಿ ತಯಾರಾದ ಊಟದ ಪೊಟ್ಟಣಗಳಿಗೆ ಸೇರಿದ್ದು ಹೊರಬಂತು. ಅಷ್ಟೆಲ್ಲ ಕಾನೂನು, ಅಷ್ಟೆಲ್ಲ ಲೇಬಲ್ ಇರುವ ದೇಶಗಳಲ್ಲಿ ಇದು ನಡೆಯಿತು. ಗಮನಿಸಿ, ಮೋಸ ನುಸುಳಿದ್ದು ಕಣ್ಣಿಗೆ ಗುರುತು ಸಿಗದ ಅರೆದ ಮಾಂಸದಲ್ಲಿ, ಹತ್ತು ಕೈ ದಾಟಿ ಬಂದ ಸರಕಿನಲ್ಲಿ.

ಮಾಂಸದ ಹೆಸರು ಬರೀ ರುಚಿಯ ಮಾತಲ್ಲ. ಹಲಾಲ್ ಬೇಕೆನ್ನುವವರಿದ್ದಾರೆ, ಇಂಥ ಪ್ರಾಣಿ ನಮ್ಮ ಮನೆಗೆ ಬರಬಾರದು ಅನ್ನುವವರಿದ್ದಾರೆ, ಡಾಕ್ಟರು ಕೊಬ್ಬು ಬೇಡ ಅಂದವರಿದ್ದಾರೆ. ಯಾವ ಮನೆಯಲ್ಲಿ ಏನು ಬೇಯಬೇಕು ಅನ್ನುವುದನ್ನು ಆ ಮನೆಯವರೇ ತೀರ್ಮಾನಿಸಬೇಕು. ಹೆಸರು ಬದಲಿಸಿ ಮಾರುವವನು ಆ ತೀರ್ಮಾನವನ್ನೇ ಕಸಿದುಕೊಳ್ಳುತ್ತಾನೆ.

ಹೆಜ್ಜೆ 1: ‘ಮಟನ್’ ಅಂತ ಕೇಳಬೇಡಿ

ನಮ್ಮ ಕಡೆ ಮಟನ್ ಅಂದರೆ ಕುರಿಯೂ ಆಯಿತು, ಹೋತೂ ಆಯಿತು. ‘ಅರ್ಧ ಕೆಜಿ ಮಟನ್’ ಅಂದರೆ ಯಾವುದನ್ನು ಕೊಟ್ಟರೂ ಅವನು ಸುಳ್ಳು ಹೇಳಿದ ಹಾಗಲ್ಲ. ಬಿಡಿಸಿ ಕೇಳಿ. ಟಗರಿನದೋ, ಹೆಣ್ಣು ಕುರಿಯದೋ, ಹೋತಿನದೋ? ಮರಿಯೋ, ಬಲಿತದ್ದೋ? ಯಾವಾಗ ಕೊಯ್ದದ್ದು? ಎಲ್ಲಿ ಕೊಯ್ದದ್ದು?

ಹೀಗೆ ಕೇಳುವುದರಿಂದ ಎರಡು ಅನುಕೂಲ. ಇವರಿಗೆ ಗೊತ್ತಿದೆ ಅಂತ ಅಂಗಡಿಯವರಿಗೆ ತಿಳಿಯುತ್ತದೆ. ನೀವು ಕೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು ಅಂತಾದರೆ ಅದು ಕಾನೂನಿನ ಕಣ್ಣಿಗೂ ತಪ್ಪು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 50ನೇ ಕಲಂ ಇದೇ ವಿಷಯದ್ದು. ಗ್ರಾಹಕ ಕೇಳಿದ ಗುಣದ, ಕೇಳಿದ ಬಗೆಯ ಆಹಾರ ಕೊಡದೆ ಬೇರೆಯದನ್ನು ಮಾರಿದರೆ 5 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಬರೀ ನೋಂದಣಿ ಮಾಡಿಸಿಕೊಂಡ ಸಣ್ಣ ವ್ಯಾಪಾರಿಗಾದರೆ 25,000 ರೂಪಾಯಿವರೆಗೆ.

ಬೆಲೆಯ ಲೆಕ್ಕವನ್ನೂ ಇಲ್ಲೇ ಹಾಕಿಕೊಳ್ಳಿ. ಕುರಿಯ ಜೀವಂತ ತೂಕದಲ್ಲಿ ಮಾಂಸ ಸಿಗುವುದು ಹೆಚ್ಚು ಕಡಿಮೆ ಅರ್ಧ. 20 ಕೆಜಿ ಮರಿ ಕೊಯ್ದರೆ 9ರಿಂದ 10 ಕೆಜಿ. ಹಾಗಾಗಿ ಸಂತೆಯಲ್ಲಿ ಜೀವಂತ ಮರಿ ಕೆಜಿಗೆ ಎಷ್ಟು ಬೀಳುತ್ತಿದೆಯೋ ಅದರ ಎರಡು ಪಟ್ಟಿನ ಆಸುಪಾಸಿನಲ್ಲಿ ಮಾಂಸದ ದರ ಇರಲೇಬೇಕು. ತಲೆ, ಕಾಲು, ಬೋಟಿ, ಚರ್ಮ ಮಾರಿ ಸ್ವಲ್ಪ ಬರುತ್ತದೆ, ಆದರೆ ಅಂಗಡಿ ಖರ್ಚೂ ಇದೆಯಲ್ಲ. ರಾಣೆಬೆನ್ನೂರು ಕಡೆಯ ಕುರಿ ವ್ಯಾಪಾರಿಗಳನ್ನೋ, ಊರಿನ ಕುರಿಗಾರರನ್ನೋ ಒಮ್ಮೆ ದರ ಕೇಳಿ ನೋಡಿ. ಊರೆಲ್ಲ ಒಂದು ದರ, ಒಂದೇ ಅಂಗಡಿಯಲ್ಲಿ ನೂರಿನ್ನೂರು ಕಡಿಮೆ ಅಂದರೆ ಆ ವ್ಯತ್ಯಾಸ ಎಲ್ಲಿಂದ ಬಂತು ಅಂತ ಕೇಳಲೇಬೇಕು.

ಹೆಜ್ಜೆ 2: ಇಡೀ ದೇಹ ನೋಡಿ, ಆಮೇಲೆ ಕಡಿಸಿ

ಟ್ರೇಯಲ್ಲಿ ಮೊದಲೇ ತುಂಡು ಮಾಡಿಟ್ಟದ್ದನ್ನು ಬಿಟ್ಟುಬಿಡಿ. ತೂಗು ಹಾಕಿದ ದೇಹ ತೋರಿಸಿ, ‘ಈ ತೊಡೆಯಿಂದ ಕೊಡಿ, ಇಲ್ಲಿ ಎರಡು ಪಕ್ಕೆಲುಬು ಹಾಕಿ’ ಅನ್ನಿ. ಕಣ್ಣೆದುರೇ ಕಡಿಸಿ, ಕಣ್ಣೆದುರೇ ತೂಗಿಸಿ.

ಒಳ್ಳೆಯ ಅಂಗಡಿಯವರು ಚರ್ಮ ಸುಲಿದ ಮೇಲೂ ಬಾಲ ಬಿಟ್ಟಿರುತ್ತಾರೆ. ಗಂಡಾದರೆ ಬೀಜವನ್ನೂ ಬಿಟ್ಟಿರುತ್ತಾರೆ. ಅದು ಅಂದಕ್ಕೆ ಅಲ್ಲ, ನಮಗೆ ತೋರಿಸುವುದಕ್ಕೆ. ಹೋತಿನ ಬಾಲ ಚಿಕ್ಕದು, ಅದರ ಕೆಳಮುಖದಲ್ಲಿ ಕೂದಲು ಇರುವುದಿಲ್ಲ. ಕುರಿಯ ಬಾಲ ಸುತ್ತಲೂ ಕೂದಲಿದ್ದು ಕೆಳಗೆ ಜೋತು ಬಿದ್ದಿರುತ್ತದೆ. ಕುರಿಯ ಬೆನ್ನಿನ ಮೇಲೆ, ಚರ್ಮ ಇದ್ದ ಜಾಗದಲ್ಲಿ, ಬಿಳಿ ಕೊಬ್ಬಿನ ಪದರ ಕಾಣುತ್ತದೆ. ಹೋತಿನಲ್ಲಿ ಆ ಪದರ ತೆಳು, ಕೊಬ್ಬೆಲ್ಲ ಒಳಗಡೆ ಗುರ್ದಾದ (ಮೂತ್ರಪಿಂಡದ) ಸುತ್ತ ಇರುತ್ತದೆ. ಹೋತಿನ ಮಾಂಸ ಮುಟ್ಟಿದರೆ ಬೆರಳಿಗೆ ಸ್ವಲ್ಪ ಅಂಟುತ್ತದೆ. ಸುಲಿಯುವಾಗ ಅದರ ಕೂದಲು ಅಲ್ಲಲ್ಲಿ ಅಂಟಿಕೊಂಡಿರುವುದೂ ಇದಕ್ಕೇ.

ಗುರ್ದಾ ದೊಡ್ಡ ಸಾಕ್ಷಿ. ಕುರಿ, ಹೋತು ಎರಡರ ಗುರ್ದಾವೂ ನುಣುಪಾಗಿ, ಅವರೆಕಾಳಿನ ಆಕಾರದಲ್ಲಿರುತ್ತದೆ. ದನ, ಎಮ್ಮೆಯ ಗುರ್ದಾ ಗಂಟು ಗಂಟಾಗಿ, ದ್ರಾಕ್ಷಿ ಗೊಂಚಲು ಒತ್ತಿಟ್ಟ ಹಾಗೆ ಕಾಣುತ್ತದೆ. ಗುರ್ದಾ ದೇಹಕ್ಕೇ ಅಂಟಿಕೊಂಡಿದ್ದರೆ ನೋಡಿ. ಪಕ್ಕದಲ್ಲಿ ಬೇರೆ ಇಟ್ಟದ್ದು ಲೆಕ್ಕಕ್ಕಿಲ್ಲ.

ತುಂಡನ್ನೇ ಕೊಳ್ಳಬೇಕಾಗಿ ಬಂದರೆ ಎಳೆ ನೋಡಿ. ಕುರಿ, ಹೋತಿನ ಮಾಂಸದ ಎಳೆ ಸಣ್ಣದು. ಎಮ್ಮೆಯದು ಒರಟು, ಬಣ್ಣವೂ ಕಡು ಕೆಂಪು, ಗಾಳಿಗೆ ಇಟ್ಟಷ್ಟೂ ಕಪ್ಪಾಗುತ್ತದೆ. ಪಕ್ಕೆಲುಬಿನ ಅಗಲ ನೋಡಿ. ಕಿರುಬೆರಳಷ್ಟು ಇರಬೇಕಾದ ಮೂಳೆ ಎರಡು ಬೆರಳಷ್ಟಿದ್ದರೆ ಅದು ಮರಿಯಲ್ಲ. ಆದರೆ ಬಣ್ಣವೊಂದನ್ನೇ ನಂಬಿ ಯಾರ ಮೇಲೂ ಅಪವಾದ ಹೊರಿಸಬೇಡಿ. ಬಲಿತ ಟಗರಿನ ಮಾಂಸವೂ ಕಡು ಬಣ್ಣದ್ದೇ.

ಪಾಲಿಕೆಯ ಕಸಾಯಿಖಾನೆಯಲ್ಲಿ ಪಶುವೈದ್ಯರು ನೋಡಿ ಬಿಟ್ಟ ಮಾಂಸದ ಮೇಲೆ ಮುದ್ರೆ ಹಾಕುವ ಪದ್ಧತಿ ಇದೆ. ತೊಡೆ ಅಥವಾ ಭುಜದ ಮೇಲೆ ಬಣ್ಣದ ಗುರುತು ಇರುತ್ತದೆ. ‘ಮುದ್ರೆ ಎಲ್ಲೈತ್ರಿ?’ ಅಂತ ಕೇಳುವವರು ನಮ್ಮಲ್ಲಿ ತೀರಾ ಕಡಿಮೆ. ಕೇಳುವವರು ಹೆಚ್ಚಾದರೆ ಹಾಕಿಸುವವರೂ ಹೆಚ್ಚಾಗುತ್ತಾರೆ.

ಹೆಜ್ಜೆ 3: ಖೀಮಾ ಮಾತ್ರ ಕಣ್ಣೆದುರಿಗೇ

ಹುಬ್ಬಳ್ಳಿ, ಗದಗ–ಬೆಟಗೇರಿ ಕಡೆ ಖೀಮಾ ಉಂಡಿ ಇಲ್ಲದೆ ಸಾವಜಿ ಊಟ ಪೂರ್ತಿ ಆಗುವುದಿಲ್ಲ. ಮನೆಯಲ್ಲೂ ಮಾಡುತ್ತೇವೆ. ಅದಕ್ಕೇ ಈ ಹೆಜ್ಜೆಯನ್ನು ಬಿಡಬೇಡಿ ಅಂತ ಒತ್ತಿ ಹೇಳುತ್ತಿದ್ದೇನೆ.

ಮೊದಲು ಮೂಳೆಯಿಲ್ಲದ ತುಂಡು ಆರಿಸಿ. ತೂಗಿಸಿ. ಆಮೇಲೆ ಮಷಿನ್ ಕಡೆ ನೋಡಿ. ಅದರ ಬಾಯಲ್ಲಿ ಹಿಂದಿನ ಗಿರಾಕಿಯ ಮಾಂಸ ಉಳಿದಿರುತ್ತದೆ. ಕೋಳಿ, ಕುರಿ ಎರಡನ್ನೂ ಒಂದೇ ಮಷಿನ್‌ನಲ್ಲಿ ಅರೆಯುವ ಅಂಗಡಿಯಾದರೆ ಇದು ಇನ್ನೂ ಮುಖ್ಯ. ಬಿಚ್ಚಿ ಒರೆಸಿ ಅನ್ನಿ. ಬೇಸರ ಮಾಡಿಕೊಂಡರೆ ಕತ್ತಿಯಲ್ಲೇ ಕೊಚ್ಚಿಸಿಕೊಳ್ಳಿ, ಉಂಡಿಗೆ ಅದೇ ಚೆಂದ. ಅರೆದ ಮೇಲೆ ಇನ್ನೊಮ್ಮೆ ತೂಗಿಸಿ. ತೂಕ ಏರಿದ್ದರೆ ಏನೋ ಸೇರಿದೆ. ತುಸು ಇಳಿದಿದ್ದರೆ ಮಷಿನ್‌ನಲ್ಲಿ ಉಳಿದಿದೆ, ಅದನ್ನೂ ತೆಗೆಸಿಕೊಳ್ಳಿ.

ಗಾಜಿನ ಪೆಟ್ಟಿಗೆಯಲ್ಲಿ ಗುಡ್ಡೆ ಹಾಕಿಟ್ಟ ರೆಡಿ ಖೀಮಾವನ್ನು ಎಷ್ಟೇ ಪರಿಚಯದ ಅಂಗಡಿಯಾದರೂ ನಾನು ಕೊಳ್ಳುವುದಿಲ್ಲ. ಅದು ಅನುಮಾನಕ್ಕಿಂತ ಹೆಚ್ಚಾಗಿ ಆರೋಗ್ಯದ ಮಾತು. ಅರೆದ ಮಾಂಸದಲ್ಲಿ ಗಾಳಿ ತಾಗುವ ಮೈ ಜಾಸ್ತಿ, ಬೇಗ ಕೆಡುತ್ತದೆ. ನಮ್ಮ ಏಪ್ರಿಲ್–ಮೇ ಬಿಸಿಲಿನಲ್ಲಿ ಹೊರಗೆ ಎರಡು ತಾಸು ಇಟ್ಟರೆ ಸಾಕು.

ಹೆಜ್ಜೆ 4: ಜವಾರಿ ಕೋಳಿಯನ್ನು ಜೀವಂತ ನೋಡಿ

ಜವಾರಿ ಕೋಳಿಯ ಬೆಲೆ ಬಾಯ್ಲರ್‌ನ ಎರಡು ಮೂರು ಪಟ್ಟು ಇರುವುದರಿಂದ ಅತಿ ಹೆಚ್ಚು ಆಟ ನಡೆಯುವುದು ಇಲ್ಲೇ. ಬಾಯ್ಲರ್ ಕೋಳಿಯನ್ನೇ ಜವಾರಿ ಅಂದರೆ ಯಾರೂ ನಂಬುವುದಿಲ್ಲ. ಹಾಗಾಗಿ ನಡುವೆ ಎರಡು ಬಗೆಯ ಕೋಳಿ ಬರುತ್ತವೆ. ಒಂದು, ಗಿರಿರಾಜದಂಥ ಸುಧಾರಿತ ತಳಿ. ಹಿತ್ತಲಲ್ಲಿ ಸಾಕುವುದಕ್ಕೆ ಬೆಂಗಳೂರಿನ ಪಶುವೈದ್ಯ ಕಾಲೇಜಿನವರು ಬೆಳೆಸಿದ ತಳಿ ಅದು. ಒಳ್ಳೆಯ ಕೋಳಿಯೇ, ಬಣ್ಣ ಬಣ್ಣದ ಪುಕ್ಕ, ಬೇಗ ತೂಕ ಬರುತ್ತದೆ. ಅದನ್ನು ಗಿರಿರಾಜ ಅಂತಲೇ ಮಾರಿದರೆ ಯಾರ ತಕರಾರೂ ಇಲ್ಲ. ಇನ್ನೊಂದು, ಮೊಟ್ಟೆ ಫಾರಂನಿಂದ ಹೊರಬಿದ್ದ ಲೇಯರ್. ಒಂದೂವರೆ ವರ್ಷದ ಸುಮಾರಿಗೆ ಮೊಟ್ಟೆ ಇಳಿಯುತ್ತಿದ್ದಂತೆ ಫಾರಂನವರು ಅವನ್ನು ಅಗ್ಗಕ್ಕೆ ಕೊಟ್ಟುಬಿಡುತ್ತಾರೆ. ವಯಸ್ಸಾದ್ದರಿಂದ ಮಾಂಸ ಗಟ್ಟಿ. ‘ನೋಡ್ರಿ, ಎಷ್ಟು ಗಟ್ಟಿ ಐತಿ, ಜವಾರಿನ ಇದು’ ಅಂದರೆ ಕುಕ್ಕರ್ ಸೀಟಿ ಎಣಿಸುತ್ತಾ ನಂಬಿಬಿಡುತ್ತೇವೆ.

ಲೇಯರ್ ಕೋಳಿಯ ಗುಟ್ಟು ಅದರ ಕೊಕ್ಕಿನಲ್ಲಿದೆ. ಪಂಜರದಲ್ಲಿ ಒಂದನ್ನೊಂದು ಕುಕ್ಕಬಾರದು ಅಂತ ಫಾರಂಗಳಲ್ಲಿ ಮರಿಯಿದ್ದಾಗಲೇ ಕೊಕ್ಕಿನ ತುದಿ ಸುಟ್ಟು ಮೊಂಡು ಮಾಡಿರುತ್ತಾರೆ. ಮೇಲಿನ ಕೊಕ್ಕು ಕೆಳಗಿನದಕ್ಕಿಂತ ಗಿಡ್ಡ, ತುದಿ ಚಪ್ಪಟೆ. ತಿಪ್ಪೆ ಕೆದರಿ ಹುಳ ಹೆಕ್ಕಿ ಬೆಳೆದ ಜವಾರಿ ಕೋಳಿಯ ಕೊಕ್ಕು ಚೂಪಾಗಿ ಕೆಳಕ್ಕೆ ಬಾಗಿರುತ್ತದೆ. ಆಮೇಲೆ ಕಾಲು ನೋಡಿ. ಜವಾರಿಯ ಉಗುರು ನೆಲ ಕೆದರಿ ಸವೆದು ಗಟ್ಟಿಯಾಗಿರುತ್ತವೆ. ಪಂಜರದ ಕೋಳಿಯ ಉಗುರು ಸವೆಯದೆ ಉದ್ದ ಬೆಳೆದಿರುತ್ತವೆ. ಕುತ್ತಿಗೆ, ಎದೆಯ ಪುಕ್ಕ ತಂತಿಗೆ ಉಜ್ಜಿ ಉದುರಿರುತ್ತದೆ. ಬರೀ ಬಿಳಿ ಪುಕ್ಕದ ಒಂದೇ ಅಚ್ಚಿನ ಹತ್ತು ಕೋಳಿ ಬುಟ್ಟಿಯಲ್ಲಿದ್ದರೆ ಅದು ಫಾರಂ ಮಾಲು. ಜವಾರಿಯಲ್ಲಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ.

ತಲೆ ಕಾಲು ತೆಗೆದ ಕೋಳಿ ಕೊಟ್ಟು ಜವಾರಿ ಅಂದರೆ ಅದನ್ನು ಬಿಟ್ಟು ಬನ್ನಿ. ಆರಿಸಿ, ಕಾಲಿಗೆ ದಾರ ಕಟ್ಟಿಸಿ, ಅದನ್ನೇ ಕೊಯ್ಯಿಸಿ. ಅದನ್ನು ಒಳಗೆ ಒಯ್ದರೆ ನೀವೂ ಬಾಗಿಲತನಕ ಹೋಗಿ. ತೂಕದ ಅಂದಾಜೂ ಇರಲಿ. ಕೋಳಿ ಸ್ವಚ್ಛ ಮಾಡಿದ ಮೇಲೆ ಜೀವಂತ ತೂಕದ ಸುಮಾರು ಶೇ 65ರಿಂದ 70 ಉಳಿಯುತ್ತದೆ. ಎರಡು ಕೆಜಿಯ ಬಾಯ್ಲರ್ ಒಂದು ಕೆಜಿಯಾಗಿ ಹೊರಬಂದರೆ ಕೇಳುವ ಹಕ್ಕು ನಿಮಗಿದೆ.

ಜವಾರಿ ಮೊಟ್ಟೆಯ ಬಗ್ಗೆ ಎರಡೇ ಮಾತು. ಫಾರಂಗಳಲ್ಲಿ ಕಂದು ಚಿಪ್ಪಿನ ಮೊಟ್ಟೆ ಇಡುವ ಕೋಳಿಗಳೂ ಇವೆ, ಹಾಗಾಗಿ ಕಂದು ಬಣ್ಣ ಜವಾರಿಗೆ ಸಾಕ್ಷಿಯಲ್ಲ. ಜವಾರಿ ಮೊಟ್ಟೆ ಸಣ್ಣದು, ಒಂದೇ ಬುಟ್ಟಿಯಲ್ಲಿ ಬಣ್ಣ ಗಾತ್ರ ಹೊಂದುವುದಿಲ್ಲ. ಎಲ್ಲವೂ ಒಂದೇ ಬಣ್ಣ, ಒಂದೇ ಅಳತೆ ಇದ್ದರೆ ಅನುಮಾನ ಪಡಿ.

ಪಾಲು ಹಾಕುವ ದಾರಿ

ಯುಗಾದಿ ಕರಿ, ಊರಿನ ಜಾತ್ರೆ, ಬೀಗರ ಊಟ ಇಂಥ ದಿನ ಅಂಗಡಿಯಲ್ಲಿ ಗಿರಾಕಿ ಮೇಲೆ ಗಿರಾಕಿ. ಪರೀಕ್ಷೆ ಮಾಡುವ ತಾಳ್ಮೆ ನಮಗೂ ಇರುವುದಿಲ್ಲ, ತೋರಿಸುವ ಪುರುಸೊತ್ತು ಅವರಿಗೂ ಇರುವುದಿಲ್ಲ. ಅಂಥ ದಿನಕ್ಕೆ ಹಳ್ಳಿಯ ಹಳೆ ಪದ್ಧತಿಯೇ ಮೇಲು. ನಾಲ್ಕಾರು ಮನೆಯವರು ಸೇರಿ ಒಂದು ಮರಿ ತಂದು ಪಾಲು ಹಾಕಿಕೊಳ್ಳುವುದು. ಹಾವೇರಿ, ಗದಗ ಕಡೆ ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ಹಿಂಡು ತಂಗುತ್ತವೆ. ಕುರಿಗಾರರ ಹತ್ತಿರ ನೇರವಾಗಿ ಕೊಂಡರೆ ಅವರಿಗೂ ಎರಡು ಕಾಸು ಜಾಸ್ತಿ ಉಳಿಯುತ್ತದೆ.

ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡಿ. ಬರೀ ಸಣ್ಣ ಹಾಲುಹಲ್ಲು ಇದ್ದರೆ ಸುಮಾರು ವರ್ಷದ ಒಳಗಿನ ಮರಿ. ಮುಂದೆ ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷ, ಒಂದೂವರೆ ವರ್ಷ. ನಾಲ್ಕು ಹಲ್ಲಾದರೆ ಎರಡು ವರ್ಷದ ಸುಮಾರು. ಎಂಟೂ ಬಂದು ಬಾಯಿಗೂಡಿದ್ದರೆ ನಾಲ್ಕು ವರ್ಷದ ಹತ್ತಿರ, ಅದು ಮರಿ ಖಂಡದ ಬೆಲೆಗೆ ಬರಬಾರದು. ದೊಡ್ಡ ಕಾರ್ಯಕ್ಕೆ ಅಡುಗೆಯವರಿಗೆ ಮಾಂಸವನ್ನೂ ಒಪ್ಪಿಸುವುದಾದರೆ ಎಷ್ಟು ಮರಿ, ಎಷ್ಟು ಕೆಜಿ, ಯಾರ ಎದುರು ತೂಕ ಅನ್ನುವುದನ್ನು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿ.

ಹೆಜ್ಜೆ 5: 14 ಅಂಕಿಗಳನ್ನು ಓದಿ

ಮಾಂಸದ ಅಂಗಡಿ, ಹೋಟೆಲ್, ಪ್ಯಾಕೆಟ್ ಮಾಡುವ ಕಾರ್ಖಾನೆ, ಮೊಬೈಲ್ ಆ್ಯಪ್‌ನಲ್ಲಿ ಮಾರುವವರು ಎಲ್ಲರಿಗೂ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ಅಥವಾ ನೋಂದಣಿ ಬೇಕು. ಅದರ ಸಂಖ್ಯೆ 14 ಅಂಕಿಯದು. 1ರಿಂದ ಶುರುವಾದರೆ ಪರವಾನಗಿ, 2ರಿಂದ ಶುರುವಾದರೆ ಸಣ್ಣ ವ್ಯಾಪಾರದ ನೋಂದಣಿ. ಆಮೇಲಿನ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 12. ಅದರ ಮುಂದಿನ ಎರಡು, ಕೊಟ್ಟ ವರ್ಷ. ಅಂದರೆ 11222 ಅಂತ ಶುರುವಾದರೆ ಅದು ಕರ್ನಾಟಕದಲ್ಲಿ 2022ರಲ್ಲಿ ಕೊಟ್ಟ ಪರವಾನಗಿ. 100ರಿಂದ ಶುರುವಾದರೆ ಕೇಂದ್ರದ್ದು.

ಎಫ್‌ಎಸ್‌ಎಸ್‌ಎಐನ ಫಾಸ್ಕೋಸ್ ಜಾಲತಾಣದಲ್ಲೋ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲೋ ಈ ಸಂಖ್ಯೆ ಹಾಕಿದರೆ ಯಾರ ಹೆಸರಿನದು, ಯಾವ ವಿಳಾಸದ್ದು, ಚಾಲ್ತಿಯಲ್ಲಿದೆಯೋ ಇಲ್ಲವೋ ಕಾಣುತ್ತದೆ. ಅಂಗಡಿ ಧಾರವಾಡದಲ್ಲಿ, ಸಂಖ್ಯೆ ಇನ್ನಾವುದೋ ಊರಿನ ಬೇಕರಿಯದು ಅಂತಾದರೆ ಅಲ್ಲೇ ತಿಳಿಯಿತಲ್ವಾ.

ಬಿಲ್ ಕೇಳಿ. 2022ರ ಜನವರಿ 1ರಿಂದ ಬಿಲ್ ಮೇಲೆ ಈ ಸಂಖ್ಯೆ ಇರಲೇಬೇಕು. ಬಿಲ್‌ನಲ್ಲಿ ಬರೀ ‘ಮಟನ್’ ಅಂತಿದ್ದರೆ ಪಕ್ಕದಲ್ಲಿ ‘ಹೋತು’ ಅಂತ ಬರೆಸಿ. ಹುಬ್ಬಳ್ಳಿಯ ಚಿಕ್ಕ ಅಂಗಡಿಯಲ್ಲಿ ಬಿಲ್ ಕೇಳಿದರೆ ಮುಖ ನೋಡುತ್ತಾರೆ, ಗೊತ್ತು. ಕೈಬರಹದ ಚೀಟಿಯಾದರೂ ಸಾಕು. ಅದೂ ಆಗದಿದ್ದರೆ ಫೋನ್‌ಪೇ, ಗೂಗಲ್‌ಪೇಯಲ್ಲಿ ಕೊಡಿ. ದುಡ್ಡು ಹಾಕುವಾಗ ‘ಹೋತಿನ ಮಾಂಸ 1 ಕೆಜಿ’ ಅಂತ ಟಿಪ್ಪಣಿ ಸೇರಿಸಿ. ತಾರೀಖು, ಸಮಯ, ಮೊತ್ತ ಎಲ್ಲ ದಾಖಲಾಗಿರುತ್ತದೆ.

ಪ್ಯಾಕೆಟ್ ಕೊಳ್ಳುವವರಿಗೆ

ಮುಂಭಾಗದ ಚಿತ್ರ ನೋಡಬೇಡಿ, ಹಿಂಭಾಗದ ಸಣ್ಣಕ್ಷರ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಹೆಸರು ‘ಮಟನ್ ಕಬಾಬ್’, ಪಟ್ಟಿಯಲ್ಲಿ ಮೊದಲು ಕೋಳಿ, ಆಮೇಲೆ ಸೋಯಾ, ಮಟನ್ ಎಲ್ಲೋ ಕೆಳಗೆ ಇದ್ದರೆ ವಾಪಸ್ ಇಡಿ. ಮಾಂಸಾಹಾರದ ಗುರುತು ಈಗ ಕಂದು ಚೌಕದೊಳಗಿನ ಕಂದು ತ್ರಿಕೋನ. ಅದು ಮಾಂಸವಿದೆ ಅಂತ ಹೇಳುತ್ತದೆ, ಯಾವ ಮಾಂಸ ಅಂತ ಹೇಳುವುದಿಲ್ಲ. ಫ್ರೋಜನ್ ಮಾಲು ಮೈನಸ್ 18 ಡಿಗ್ರಿಯಲ್ಲಿ ಇರಬೇಕು. ಪೊಟ್ಟಣದ ಒಳಗೆ ಮಂಜಿನ ಹರಳು ತುಂಬಿದ್ದರೆ ನಡುವೆ ಒಮ್ಮೆ ಕರಗಿ ಮತ್ತೆ ಗಡ್ಡೆ ಕಟ್ಟಿರಬಹುದು. ಕರೆಂಟ್ ಹೋದಾಗ ಫ್ರೀಜರ್ ಆಫ್ ಆಗುವ ಅಂಗಡಿಯಲ್ಲಂತೂ ಕೊಳ್ಳಲೇಬೇಡಿ.

ಹೋಟೆಲಿನಲ್ಲಿ ಕೈಯಲ್ಲಿರುವ ದಾರಿ ಕಡಿಮೆ. ಮೂಳೆ ಇರುವ ಪದಾರ್ಥ ಹೇಳಿ. ಪಕ್ಕೆಲುಬು, ನಳ್ಳಿ ಮೂಳೆ ತಟ್ಟೆಯಲ್ಲಿದ್ದರೆ ಕಣ್ಣಿಗೆ ಏನಾದರೂ ಸಿಗುತ್ತದೆ. ಖಾರ, ಎಣ್ಣೆ, ಮಸಾಲೆಯ ಅಬ್ಬರದಲ್ಲಿ ನಾಲಿಗೆಯನ್ನು ನಂಬಲಾಗದು. ಮಾಂಸ ಎಲ್ಲಿಂದ ತರಿಸುತ್ತೀರಿ ಅಂತ ಮಾಲೀಕರನ್ನು ಕೇಳಿ. ಹಳೆಯ ಸಾವಜಿ ಖಾನಾವಳಿಗಳಲ್ಲಿ ಅಂಗಡಿಯ ಹೆಸರನ್ನೇ ಹೇಳುತ್ತಾರೆ, ಹೇಳುವುದಕ್ಕೆ ಅವರಿಗೆ ಹೆಮ್ಮೆ.

ಅನುಮಾನ ಬಂದಾಗ

ಮೊದಲು ಮಾಂಸ ಎಸೆಯಬೇಡಿ. ಹಸಿಯಾಗಿರಲಿ, ಬೇಯಿಸಿದ್ದಿರಲಿ, ಒಂದಷ್ಟನ್ನು ಸ್ವಚ್ಛ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಬಿಲ್, ಪೊಟ್ಟಣ, ಅಂಗಡಿಯ ಬೋರ್ಡಿನ ಫೋಟೋ ಇಟ್ಟುಕೊಳ್ಳಿ. ಯೂಟ್ಯೂಬಿನಲ್ಲಿ ನಿಂಬೆರಸ, ಅರಿಶಿನ ಹಾಕಿ ಪ್ರಾಣಿ ಯಾವುದು ಅಂತ ಕಂಡುಹಿಡಿಯುವ ವಿಡಿಯೋಗಳಿವೆ. ಅವು ಕೆಲಸಕ್ಕೆ ಬಾರವು. ಪ್ರಾಣಿ ಯಾವುದು ಅಂತ ಖಚಿತ ಹೇಳುವುದು ಡಿಎನ್‌ಎ ಪರೀಕ್ಷೆ. ಜೀವಕೋಶದ ಮೈಟೋಕಾಂಡ್ರಿಯಾದಲ್ಲಿರುವ ಡಿಎನ್‌ಎ ಒಂದೊಂದು ಕೋಶದಲ್ಲೂ ಬಹಳಷ್ಟು ಪ್ರತಿಗಳಲ್ಲಿ ಇರುವುದರಿಂದ ಬೇಯಿಸಿದ ಮಾಂಸದಲ್ಲೂ ಅದನ್ನು ಓದಲು ಸಾಧ್ಯ. ಹೈದರಾಬಾದಿನ ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆ ಈ ಪರೀಕ್ಷೆ ಮಾಡುತ್ತದೆ.

ಮನೆಯಲ್ಲಿ ಇಟ್ಟ ಮಾಂಸ ನಿಮ್ಮ ದೂರಿಗೆ ಬಲ ಕೊಡುತ್ತದೆ, ಆದರೆ ದಂಡ ಹಾಕಿಸಬೇಕಾದರೆ ಅಧಿಕಾರಿಯೇ ಅಂಗಡಿಯಿಂದ ಮಾದರಿ ತೆಗೆಯಬೇಕು. ಪ್ರತಿ ಜಿಲ್ಲೆಯಲ್ಲೂ ಆಹಾರ ಸುರಕ್ಷತೆಯ ಅಂಕಿತ ಅಧಿಕಾರಿ ಇರುತ್ತಾರೆ. ಅವರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲೂ ದೂರು ಹಾಕಬಹುದು. ಆಹಾರ ಸುರಕ್ಷತಾಧಿಕಾರಿ ಮಾದರಿಯನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ. ಒಂದು ಭಾಗ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ. ಅವರು 14 ದಿನದಲ್ಲಿ ವರದಿ ಕೊಡಬೇಕು. ಅಂಗಡಿಯವರಿಗೆ ಆ ವರದಿ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕುವ ಅವಕಾಶವಿದೆ. ಆಗ ಉಳಿದ ಮಾದರಿ ಕೆಲಸಕ್ಕೆ ಬರುತ್ತದೆ. ಇಬ್ಬರಿಗೂ ನ್ಯಾಯವಾದ ವ್ಯವಸ್ಥೆ ಇದು.

ನೀವೇ ಪರೀಕ್ಷೆ ಮಾಡಿಸಬೇಕೆಂದರೂ ದಾರಿಯಿದೆ. ಅದೇ ಕಾಯ್ದೆಯ 40ನೇ ಕಲಂ ಪ್ರಕಾರ ಯಾವ ಗ್ರಾಹಕನಾದರೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ವರದಿ ಪಡೆಯಬಹುದು. ಒಂದು ಷರತ್ತು, ಕೊಳ್ಳುವಾಗಲೇ ‘ಇದನ್ನು ಪರೀಕ್ಷೆಗೆ ಕಳಿಸುತ್ತೇನೆ’ ಅಂತ ಅಂಗಡಿಯವರಿಗೆ ಹೇಳಬೇಕು. ತಪ್ಪು ಇದೆ ಅಂತ ವರದಿ ಬಂದರೆ ನೀವು ಕಟ್ಟಿದ ಶುಲ್ಕ ವಾಪಸ್ ಸಿಗಬೇಕು.

ದುಡ್ಡು, ಪರಿಹಾರ ಬೇಕಾದರೆ ಅದು ಬೇರೆ ದಾರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಯಲ್ಲಿ ಇದೆ. 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

ವಿಡಿಯೋ ಹಾಕುವ ಮುಂಚೆ

2024ರ ಜುಲೈನಲ್ಲಿ ಬೆಂಗಳೂರಿನ ಕೆಎಸ್‌ಆರ್ ರೈಲು ನಿಲ್ದಾಣಕ್ಕೆ ರಾಜಸ್ಥಾನದಿಂದ ಪೆಟ್ಟಿಗೆಗಟ್ಟಲೆ ಮಾಂಸ ಬಂತು. ನಾಯಿ ಮಾಂಸ ಅಂತ ಗಲಾಟೆಯಾಯಿತು. ಬಾಲ ಉದ್ದ ಕಂಡದ್ದೇ ಜನರ ಅನುಮಾನಕ್ಕೆ ಕಾರಣ. ವಿಡಿಯೋ ರಾಜ್ಯವೆಲ್ಲ ಓಡಿತು. ಮಾದರಿ ಹೈದರಾಬಾದಿಗೆ ಹೋಗಿ ಬಂತು, ನಾಯಿ ಮಾಂಸ ಅಲ್ಲ ಅಂತ ವರದಿ ಬಂತು. ಆ ಕಡೆಯ ತಳಿಗೆ ಬಾಲ ಸ್ವಲ್ಪ ಉದ್ದ ಅಂತ ಆಹಾರ ಸುರಕ್ಷತಾ ಆಯುಕ್ತರು ವಿವರಿಸಿದರು. ಆದರೆ ವಿಡಿಯೋ ನೋಡಿದವರಲ್ಲಿ ವರದಿ ಓದಿದವರು ಎಷ್ಟು ಮಂದಿ? ನಾನು ಮೇಲೆ ಹೇಳಿದ ಬಾಲದ ಗುರುತು ನಮ್ಮ ಊರಿನ ಕುರಿ, ಹೋತಿಗೆ ಸರಿ. ಹೊರಗಿನಿಂದ ಬಂದ ತಳಿಗೆ ಅದೇ ಅಳತೆಗೋಲು ಹಿಡಿಯಬೇಡಿ.

ಮಾಂಸದ ವ್ಯಾಪಾರದಲ್ಲಿ ಸುಳ್ಳು ಸುದ್ದಿ ಅಂಗಡಿಯನ್ನಷ್ಟೇ ಮುಚ್ಚಿಸುವುದಿಲ್ಲ, ಓಣಿಯಲ್ಲಿ ಜಗಳ ಹಚ್ಚುತ್ತದೆ. ಹುಬ್ಬಳ್ಳಿಯಂಥ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನುಮಾನ ಇದ್ದರೆ ಜನ ಸೇರಿಸಬೇಡಿ, ವ್ಯಾಪಾರಿಯ ಜಾತಿ ಧರ್ಮ ಎತ್ತಬೇಡಿ, ಗ್ರೂಪಿಗೆ ಹಾಕಬೇಡಿ. ದೂರು ಕೊಡಿ, ವರದಿ ಬರುವವರೆಗೆ ಕಾಯಿರಿ. ಆ ಅಂಗಡಿಗೆ ಹೋಗುವುದನ್ನು ನಿಲ್ಲಿಸುವ ಸ್ವಾತಂತ್ರ್ಯ ನಿಮಗೆ ಹೇಗೂ ಇದೆ.

ವರದಿಯಲ್ಲಿ ಮೋಸ ಅಂತ ಬಂದರೆ ಮುಂದಿನ ವಿಚಾರಣೆ ಅಪರ ಜಿಲ್ಲಾಧಿಕಾರಿ ಮಟ್ಟದ ಅಧಿಕಾರಿಯ ಮುಂದೆ ನಡೆಯುತ್ತದೆ. ನಿಮ್ಮ ದೂರಿನ ಪ್ರತಿ, ಸ್ವೀಕೃತಿ ಸಂಖ್ಯೆ ಇಟ್ಟುಕೊಂಡು ತಿಂಗಳಿಗೊಮ್ಮೆ ವಿಚಾರಿಸಿ. ವಿಚಾರಿಸುವವರಿಲ್ಲದ ಕಡತ ಕೆಳಗೇ ಉಳಿಯುತ್ತದೆ. ಮಾಂಸ ಸರಿಯಾಗಿಯೇ ಇತ್ತು ಅಂತ ವರದಿ ಬಂದರೆ, ನಿಮ್ಮ ಅನುಮಾನವನ್ನು ಯಾರ್ಯಾರ ಹತ್ತಿರ ಹೇಳಿದ್ದಿರೋ ಅವರಿಗೆಲ್ಲ ಅದನ್ನೂ ಹೇಳಿ. ಅಂಗಡಿಯವರಿಗೆ ಮೊದಲು ಹೇಳಿ.